ಕೈದಿ ತಪ್ಪಿಸಿಕೊಳ್ಳುವುದು ಗಾಡಿ ಓಡುವಾಗ ಅಲ್ಲ, ನಿಂತಾಗ

ನೀವು ಕೇಳಿದ್ದು ಇದು: ಬಸ್ಸಿನಲ್ಲಿ ಇಬ್ಬರು ಪೊಲೀಸರ ಮಧ್ಯೆ ಒಬ್ಬ ಕೈದಿ ಕೂತಿದ್ದ. ಕೋಳ ಇರಲಿಲ್ಲ. ಒಬ್ಬ ಪೊಲೀಸ್ ಅವನ ಕೈ ಹಿಡಿದುಕೊಂಡಿದ್ದರು, ಅಷ್ಟೆ. ಹೀಗೆ ಕರೆದುಕೊಂಡು ಹೋದರೆ ಓಡಿ ಹೋಗದೆ ಇರುತ್ತಾನಾ? ಕೋಳ ಯಾಕೆ ಹಾಕಲ್ಲ?

ನಾನು ಜಿಲ್ಲಾ ಸಶಸ್ತ್ರ ಮೀಸಲು ಪಡೆ, ಅಂದರೆ ಡಿಎಆರ್‌ನಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತನಾದವನು. ಜೈಲಿನಿಂದ ಕೋರ್ಟಿಗೆ, ಕೋರ್ಟಿನಿಂದ ಜೈಲಿಗೆ, ಆಸ್ಪತ್ರೆಗೆ, ಬೇರೆ ಜಿಲ್ಲೆಗೆ ಕೈದಿಗಳನ್ನು ಕರೆದುಕೊಂಡು ಹೋಗುವುದು ನಮ್ಮ ಕೆಲಸ. ನಮ್ಮ ಬಾಯಲ್ಲಿ ಅದು ಎಸ್ಕಾರ್ಟ್ ಡ್ಯೂಟಿ. ಜನ ನೋಡುವುದು ಆ ಹಿಡಿದ ಕೈಯನ್ನು ಮಾತ್ರ. ಅದರ ಹಿಂದೆ ಏನೇನಿದೆ ಅಂತ ಹೇಳುತ್ತೇನೆ.

ಮೊದಲು ಕೋಳದ ವಿಷಯ. ಕೋಳ ಹಾಕುವುದು ಪೊಲೀಸರ ಇಷ್ಟಕ್ಕೆ ಬಿಟ್ಟಿದ್ದಲ್ಲ. ತಿಹಾರ್ ಜೈಲಿನ ವಿಚಾರಣಾಧೀನ ಕೈದಿಯೊಬ್ಬರು, ಕೋರ್ಟಿಗೆ ಕರೆತರುವಾಗ ಬಲವಂತವಾಗಿ ಕೋಳ ಹಾಕುತ್ತಾರೆ ಅಂತ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗೆ ಟೆಲಿಗ್ರಾಂ ಕಳಿಸಿದ್ದರು. ಆ ಪ್ರಕರಣದಲ್ಲಿ 1980ರಲ್ಲಿ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಸುಮ್ಮಸುಮ್ಮನೆ ಕೋಳ ಹಾಕುವುದು ಅಮಾನವೀಯ, ತಪ್ಪಿಸಿಕೊಳ್ಳುವ ನಿಜವಾದ ಅಪಾಯ ಇದ್ದರೆ ಮಾತ್ರ ಹಾಕಿ, ಕಾರಣ ಬರೆದಿಡಿ ಅಂತ ಅದರಲ್ಲಿ ಹೇಳಿದರು. 1995ರಲ್ಲಿ ಇನ್ನೊಂದು ತೀರ್ಪು ಇನ್ನೂ ಬಿಗಿ ಮಾಡಿತು. ಸಾಗಿಸುವಾಗ ಕೋಳ ಹಾಕಬೇಕಿದ್ದರೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು ಅಂತಾಯಿತು. ನಮ್ಮಲ್ಲೇ 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠ, ಅನಗತ್ಯವಾಗಿ ಕೋಳ ಹಾಕಿಸಿಕೊಂಡಿದ್ದ ಒಬ್ಬ ಕಾನೂನು ವಿದ್ಯಾರ್ಥಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

2024ರ ಜುಲೈ 1ರಿಂದ ಬಂದ ಹೊಸ ಕಾನೂನು, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 43ನೇ ಕಲಮಿನಲ್ಲಿ ಒಂದು ಪಟ್ಟಿ ಕೊಟ್ಟಿದೆ. ಕೊಲೆ, ಅತ್ಯಾಚಾರ, ಆಸಿಡ್ ದಾಳಿ, ಭಯೋತ್ಪಾದನೆ, ಮಾದಕ ವಸ್ತು, ಮತ್ತೆ ಮತ್ತೆ ಅಪರಾಧ ಮಾಡುವವರು, ಹಿಂದೆ ಒಮ್ಮೆ ತಪ್ಪಿಸಿಕೊಂಡು ಓಡಿದವರು. ಇಂಥವರಿಗೆ ಬಂಧಿಸುವಾಗ ಮತ್ತು ಕೋರ್ಟಿಗೆ ಹಾಜರುಪಡಿಸುವಾಗ ಕೋಳ ಹಾಕಬಹುದು. ನೀವು ನೋಡಿದ ಮನುಷ್ಯ ಸಣ್ಣ ಕಳ್ಳತನದ ಕೇಸಿನವನೂ ಆಗಿರಬಹುದು. ಅವನ ತಪ್ಪು ಇನ್ನೂ ಸಾಬೀತೇ ಆಗಿರಲಿಕ್ಕಿಲ್ಲ. ಈ ನಿಯಮ ಸರಿ ಅಂತಲೇ ನನ್ನ ಅಭಿಪ್ರಾಯ. ಊರವರ ಕಣ್ಣೆದುರು ಕೋಳ ಹಾಕಿಸಿಕೊಂಡು ನಡೆದವನಿಗೆ, ಆಮೇಲೆ ಬಿಡುಗಡೆಯಾದರೂ ಆ ನಡಿಗೆ ಮರೆಯಲ್ಲ.

ಹಾಗಾದರೆ ಕಾಯುವುದು ಹೇಗೆ? ಕೆಲಸ ಜೈಲಿನ ಗೇಟಿನಲ್ಲೇ ಶುರು. ವಾರಂಟಿನಲ್ಲಿರುವ ಹೆಸರು, ತಂದೆಯ ಹೆಸರು, ಮೈಮೇಲಿನ ಮಚ್ಚೆ ಎಲ್ಲ ತಾಳೆ ನೋಡುತ್ತೇವೆ. ಒಂದೇ ಹೆಸರಿನ ಇಬ್ಬರಿರುತ್ತಾರೆ, ಅಲ್ವಾ. ಆಮೇಲೆ ಬಟ್ಟೆಯ ಹೊಲಿಗೆಯಿಂದ ಚಪ್ಪಲಿಯವರೆಗೆ ಚೆಕ್ ಮಾಡುತ್ತೇವೆ. ಕೋಳಕ್ಕೆ ಅನುಮತಿ ಇದ್ದರೆ ಉದ್ದನೆಯ ಸರಪಳಿಯ ಕೋಳ ಹಾಕಿ, ಅದರ ಇನ್ನೊಂದು ತುದಿ ಒಬ್ಬ ಪೊಲೀಸಿನವನ ಕೈಯಲ್ಲಿ. ಬಂದೂಕು ಇರುವವನು ಮಾತ್ರ ಕೈದಿಯ ಪಕ್ಕ ಕೂರಬಾರದು. ಎರಡು ಹೆಜ್ಜೆ ದೂರ ಇರಬೇಕು. ಕೋಳ ಇಲ್ಲದಿರುವುದಕ್ಕಿಂತ ಕೈದಿಯ ಕೈಗೆಟುಕುವ ಬಂದೂಕೇ ಜಾಸ್ತಿ ಅಪಾಯ. ಬಸ್ಸಾದರೆ ಬಾಗಿಲ ಹತ್ತಿರದ ಸೀಟು ಬೇಡ, ಕಿಟಕಿ ಪಕ್ಕವೂ ಬೇಡ. ದಾರಿಯಲ್ಲಿ ಸಂಬಂಧಿಕರು ಕೊಟ್ಟ ಊಟ, ಫೋನು ಯಾವುದೂ ಬೇಡ. ಎಲ್ಲಾ ಡ್ಯೂಟಿಗೂ ವ್ಯಾನ್ ಸಿಗಲ್ಲ, ಆಗ ಈ ಬಸ್ಸೇ ಗತಿ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಓಡುವ ಗಾಡಿಯಿಂದ ಹಾರುವವರು ಕಡಿಮೆ. ನಿಂತ ಜಾಗವೇ ಅಪಾಯ. ಶೌಚಾಲಯ, ಚಹಾದಂಗಡಿ, ಬಸ್ ಸ್ಟ್ಯಾಂಡ್, ಆಸ್ಪತ್ರೆಯ ವರಾಂಡ, ಕೋರ್ಟಿನ ಮೆಟ್ಟಿಲು. ಅದರಲ್ಲೂ ವಾಪಸ್ ಬರುವಾಗ. ಬೆಳಿಗ್ಗೆ ಹೋಗುವಾಗ ಎಲ್ಲರೂ ಚುರುಕಾಗಿರುತ್ತಾರೆ. ಸಂಜೆ ಹೊತ್ತಿಗೆ ನಮಗೂ ಸುಸ್ತು. ದಿನವಿಡೀ ಅವನ ಜೊತೆ ಮಾತಾಡಿ ಒಂದು ಸಲಿಗೆ ಬೇರೆ ಬೆಳೆದಿರುತ್ತದೆ.

ನನಗೇ ಆದ ಅನುಭವ ಹೇಳುತ್ತೇನೆ. ಕೋರ್ಟ್ ಮುಗಿಸಿ ಬರುವಾಗ ಬಸ್ಸು ಹೆದ್ದಾರಿಯ ಒಂದು ಹೋಟೆಲಿನ ಹತ್ತಿರ ನಿಂತಿತ್ತು. ಜೊತೆಗಿದ್ದವನು ಇಪ್ಪತ್ತೆರಡರ ಹುಡುಗ, ಬೈಕ್ ಕಳವಿನ ಕೇಸು. ‘ಸಾರ್, ಹೊಟ್ಟೆ ಸರಿ ಇಲ್ಲ’ ಅಂದ. ಒಳಗೆ ಬಿಟ್ಟು ನನ್ನ ಜೊತೆಗಾರ ಬಾಗಿಲಲ್ಲಿ ನಿಂತರು. ಐದು ನಿಮಿಷವಾಯಿತು. ನನಗೆ ಯಾಕೋ ಸಮಾಧಾನ ಆಗಲಿಲ್ಲ, ಹಿಂದುಗಡೆ ಸುತ್ತಿ ಹೋದೆ. ಗಾಳಿಕಿಂಡಿಯ ಗಾಜಿನ ಪಟ್ಟಿಗಳು ಒಂದೊಂದಾಗಿ ಹೊರಬಂದಿದ್ದವು. ಅವನ ತಲೆ, ಒಂದು ಭುಜ ಆಚೆ ಇತ್ತು. ‘ಒಳಗೆ ಇಳಿಯಪ್ಪ, ಬಿದ್ದು ಕೈಕಾಲು ಮುರ್ಕೋತೀಯ’ ಅಂದೆ. ಇಳಿದ. ಬಸ್ಸಿನಲ್ಲಿ ಕೂತ ಮೇಲೆ ಅತ್ತ. ತಾಯಿಗೆ ಹುಷಾರಿರಲಿಲ್ಲವಂತೆ, ಒಂದು ಸಲ ನೋಡಿ ಬರುತ್ತಿದ್ದೆ ಅಂದ. ಅವತ್ತಿನಿಂದ ನಿವೃತ್ತಿಯವರೆಗೂ ಕೈದಿಯನ್ನು ಒಳಗೆ ಬಿಡುವ ಮೊದಲು ನಾನೇ ಒಳಗೆ ಹೋಗಿ ಕಿಟಕಿ ನೋಡುತ್ತಿದ್ದೆ.

ಆ ಹುಡುಗ ಓಡಿದ್ದರೆ ಅವನ ಮೇಲೆ ಇನ್ನೊಂದು ಕೇಸು, ಎರಡು ವರ್ಷದವರೆಗೆ ಸಜೆ. ನಮ್ಮ ನಿರ್ಲಕ್ಷ್ಯ ಅಂತಾದರೆ ನಮಗೂ ಎರಡು ವರ್ಷದವರೆಗೆ ಸಾದಾ ಸಜೆ ಆಗಬಹುದು. ಅಮಾನತು ಬೇರೆ.

ಎಲ್ಲರೂ ಆ ಹುಡುಗನಂತೆ ಇರಲ್ಲ. ಸರಣಿ ಹಂತಕ ಜೈಶಂಕರನ ಹೆಸರು ಕೇಳಿರುತ್ತೀರಿ. 2011ರ ಮಾರ್ಚ್‌ನಲ್ಲಿ ತಮಿಳುನಾಡಿನ ಪೊಲೀಸರು ಅವನನ್ನು ಧರ್ಮಪುರಿಯ ಕೋರ್ಟಿಗೆ ಹಾಜರುಪಡಿಸಿ ಕೊಯಮತ್ತೂರು ಜೈಲಿಗೆ ವಾಪಸ್ ಕರೆದೊಯ್ಯುತ್ತಿದ್ದರು. ಸೇಲಂ ಬಸ್ ನಿಲ್ದಾಣದಲ್ಲಿ ತಪ್ಪಿಸಿಕೊಂಡ. ನೋಡಿ, ಇಲ್ಲೂ ವಾಪಸ್ ಪ್ರಯಾಣ, ಇಲ್ಲೂ ಬಸ್ ಸ್ಟ್ಯಾಂಡು. ಅಲ್ಲಿಂದ ಕರ್ನಾಟಕಕ್ಕೆ ಬಂದ. ಬಳ್ಳಾರಿ ಕಡೆ ಮತ್ತೆ ಹೆಂಗಸರ ಕೊಲೆಗಳಾದವು. ಮೇ ತಿಂಗಳಲ್ಲಿ ಈಗಿನ ವಿಜಯಪುರ ಜಿಲ್ಲೆಯಲ್ಲಿ, ಹೊಲದಲ್ಲಿ ಒಬ್ಬ ಮಹಿಳೆಯ ಮೇಲೆ ಎರಗಿದಾಗ ಸಿಕ್ಕಿಬಿದ್ದ. ಸೇಲಂನಲ್ಲಿ ಅವನ ಬೆಂಗಾವಲಿಗಿದ್ದ ಪೊಲೀಸರೊಬ್ಬರು ಅವಮಾನ ತಾಳಲಾರದೆ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂಥ ಕೈದಿಯನ್ನು ಬಸ್ಸಿನಲ್ಲಿ ಕಳಿಸುವ ತೀರ್ಮಾನ ಆ ಪೊಲೀಸಿನವರದ್ದಾಗಿರಲಿಲ್ಲ, ಅಲ್ವಾ.

ಈಗ ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ. ನ್ಯಾಯಾಂಗ ಬಂಧನ ಮುಂದುವರಿಸಲು ಕೈದಿಯನ್ನು ಪ್ರತಿ ಸಲ ಕೋರ್ಟಿಗೆ ಒಯ್ಯಲೇಬೇಕಿಲ್ಲ. ವಿಡಿಯೋ ಮೂಲಕ ಹಾಜರುಪಡಿಸಬಹುದು. ಒಂದು ಪ್ರಯಾಣ ಉಳಿದರೆ ಹತ್ತು ನಿಲುಗಡೆ ಉಳಿದ ಹಾಗೆ.

ಮತ್ತೆ ಬಸ್ಸಿನಲ್ಲಿ ಇಂಥವರು ಸಿಕ್ಕರೆ ಕೈದಿಯನ್ನು ಮಾತಾಡಿಸಬೇಡಿ, ತಿನ್ನಲು ಏನೂ ಕೊಡಬೇಡಿ, ಫೋಟೋ ತೆಗೆಯಬೇಡಿ. ಮೂವರು ಒಟ್ಟಿಗೆ ಕೂರುವ ಸೀಟಿನಲ್ಲಿ ನೀವಿದ್ದರೆ ಅದನ್ನು ಬಿಟ್ಟುಕೊಡಿ. ಆ ಸೀಟು ಸಿಗದೆ ಒಬ್ಬರು ಹಿಂದೆ, ಒಬ್ಬರು ಮುಂದೆ ಕೂತು ರಾತ್ರಿಯಿಡೀ ಕಣ್ಣು ಮುಚ್ಚದೆ ಬಂದ ಪ್ರಯಾಣಗಳು ನನಗೆ ಇನ್ನೂ ನೆನಪಿವೆ.