ಈಗ ಬಿಟ್ಟು ಏನು ಪ್ರಯೋಜನ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ: "ಮಾವನವರು ನಲವತ್ತು ವರ್ಷದಿಂದ ಜಗಲಿಯಲ್ಲಿ ಕೂತು ಬೀಡಿ ಸೇದುತ್ತಾರೆ. ಹೊಗೆ ನಡುಮನೆಯವರೆಗೂ ಬರುತ್ತದೆ. ಬಿಡಿ ಎಂದರೆ, 'ಹಾಳಾಗುವುದೆಲ್ಲ ಆಗಿದೆ, ಈಗ ಬಿಟ್ಟು ಏನು ಪ್ರಯೋಜನ?' ಎನ್ನುತ್ತಾರೆ. ಹೊಗೆ ಡಿಎನ್‌ಎಯನ್ನು ಕೆಡಿಸುತ್ತದಂತೆ. ಸೇದದ ನನಗೂ ನನ್ನ ಮಗನಿಗೂ ಹಾಗಾಗುತ್ತದೆಯೇ? ಕೆಟ್ಟದ್ದು ಮತ್ತೆ ಸರಿಹೋಗುತ್ತದೆಯೇ?"

ಸಂಪಾದಕರ ಉತ್ತರ:

ಸೋದರಿ, ನಿಮ್ಮ ಮಾವನವರ ಮಾತು ತಪ್ಪು. ಅದು ಏಕೆ ತಪ್ಪೆಂದು ಅವರಿಗೆ ಓದಿ ಹೇಳಲು ಅನುಕೂಲವಾಗುವಂತೆ ಬರೆಯುತ್ತೇನೆ.

ತಂಬಾಕು ಅರೆಬರೆ ಉರಿದಾಗ ಬೆಂಜೊಪೈರೀನ್ ಎಂಬ ವಸ್ತು ಹುಟ್ಟುತ್ತದೆ. ದೇಹ ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕಲು ಹೊರಡುತ್ತದೆ. ದಾರಿಯಲ್ಲೇ ಅದು ಇನ್ನೂ ಕೆಟ್ಟ ರೂಪ ತಾಳಿ, ಡಿಎನ್‌ಎಯ, ಅಂದರೆ ಕೋಶದೊಳಗಿನ ಎರಡೆಳೆಯ ಬರಹದ, ಗ್ವಾನಿನ್ ಎಂಬ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಕ್ಯಾನ್ಸರ್ ತಡೆಯುವ ಪಿ53 ಜೀನಿನಲ್ಲಿ ಅದು ಅಂಟುವ ಜಾಗಗಳೂ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಪದೇ ಪದೇ ಕೆಟ್ಟಿರುವ ಜಾಗಗಳೂ ಒಂದೇ ಎಂದು 1996ರಲ್ಲಿ ಕಂಡುಬಂತು.

ಜೀವಕೋಶ ಸುಮ್ಮನಿರುವುದಿಲ್ಲ. ಅಂಟಿದ ಜಾಗ ಗುರುತಿಸಿ, ಎರಡೂ ಬದಿ ಕತ್ತರಿಸಿ, ಸುಮಾರು 30 ಅಕ್ಷರಗಳ ತುಂಡನ್ನೇ ಕಿತ್ತು, ಎದುರಿನ ಎಳೆ ನೋಡಿಕೊಂಡು ಹೊಸದಾಗಿ ಜೋಡಿಸುತ್ತದೆ. ಈ ಕೆಲಸ ಹೇಗೆ ನಡೆಯುತ್ತದೆಂದು ತೋರಿಸಿದ ಅಜೀಜ್ ಸಂಜಾರ್ 2015ರ ರಸಾಯನಶಾಸ್ತ್ರ ನೊಬೆಲ್ ಪಡೆದವರಲ್ಲಿ ಒಬ್ಬರು. ಅಚ್ಚುಮೊಳೆ ಜೋಡಿಸುವುದನ್ನು ಕಂಡವನಾದ್ದರಿಂದ ನನಗಿದು ತೀರ ಪರಿಚಿತ ಕೆಲಸ ಅನ್ನಿಸುತ್ತದೆ. ಆದರೆ ತಿದ್ದುವ ಮೊದಲೇ ಕೋಶ ಇಬ್ಭಾಗವಾದರೆ ತಪ್ಪು ನಕಲಾಗಿಬಿಡುತ್ತದೆ. ಆಮೇಲೆ ಎರಡೂ ಎಳೆಗಳು ಅದೇ ತಪ್ಪನ್ನು ಹೇಳುತ್ತವೆ. ತಿದ್ದುವವನ ಕಣ್ಣಿಗೆ ತಪ್ಪೇ ಕಾಣುವುದಿಲ್ಲ. ಹೊಗೆಯಲ್ಲಿರುವ ಅಕ್ರೋಲಿನ್‌ನಂಥ ವಸ್ತುಗಳು ಈ ರಿಪೇರಿ ಪ್ರೋಟೀನುಗಳನ್ನೂ ಕುಂದಿಸುತ್ತವೆ. ದಿನಕ್ಕೊಂದು ಪ್ಯಾಕ್ ಸಿಗರೇಟು ಒಂದು ವರ್ಷ ಸೇದಿದರೆ ಶ್ವಾಸಕೋಶದ ಪ್ರತಿ ಕೋಶದಲ್ಲಿ ಸರಾಸರಿ 150 ಶಾಶ್ವತ ತಪ್ಪುಗಳು ಸೇರುತ್ತವೆಂದು 2016ರ ಅಧ್ಯಯನವೊಂದು ಲೆಕ್ಕ ಹಾಕಿತು.

ಇನ್ನು ನಿಮ್ಮ ವಿಷಯ. ಎರಡು ದಮ್ಮಿನ ನಡುವೆ ಬೀಡಿಯ ತುದಿಯಿಂದ ತಾನಾಗಿ ಏಳುವ ಹೊಗೆ ಕಡಿಮೆ ಶಾಖದಲ್ಲಿ ಹುಟ್ಟಿದ್ದು. ಸೇದುವವರ ಬಾಯಿಗೆ ಹೋಗುವ ಹೊಗೆಗಿಂತ ಅದರಲ್ಲೇ ಹಲವು ಕ್ಯಾನ್ಸರ್‌ಕಾರಕಗಳು ಹೆಚ್ಚು. ಗಾಳಿಯಲ್ಲಿ ಬೆರೆತು ನಿಮ್ಮನ್ನು ಮುಟ್ಟುವ ಪ್ರಮಾಣ ಬಹಳ ಕಡಿಮೆ, ನಿಜ. ಆದರೂ ತಂಬಾಕಿಗೇ ವಿಶಿಷ್ಟವಾದ ಕ್ಯಾನ್ಸರ್‌ಕಾರಕದ ಕುರುಹು, ಎಂದೂ ಸೇದದೆ ಬರೀ ಹೊಗೆಯ ನಡುವೆ ಕೂತವರ ಮೂತ್ರದಲ್ಲಿ ಸಿಕ್ಕಿದೆ. ಜಪಾನಿನ ಸಂಶೋಧಕ ಹಿರಾಯಾಮಾ 91,540 ಧೂಮಪಾನ ಮಾಡದ ಹೆಂಡತಿಯರನ್ನು ಗಮನಿಸಿ, ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚೆಂದು 1981ರಲ್ಲೇ ಹೇಳಿದರು. ನಿಮ್ಮ ಆತಂಕ ಸುಳ್ಳಲ್ಲ. ಮಗನ ಎಳೆಯ ಶ್ವಾಸಕೋಶದ ಬಗ್ಗೆ ನನಗೆ ಇನ್ನೂ ಹೆಚ್ಚು ಚಿಂತೆ.

ಮಾವನವರಿಗೆ ಓದಿ ಹೇಳಬೇಕಾದದ್ದು ಇದು. 2020ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು 16 ಜನರ ಶ್ವಾಸನಾಳದ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಸೇದುವುದನ್ನು ಬಿಟ್ಟವರಲ್ಲಿ 40 ಶೇಕಡಾದವರೆಗೂ ಕೋಶಗಳು, ಎಂದೂ ಸೇದದವರ ಕೋಶಗಳಂತೆಯೇ ಇದ್ದವು. ಇನ್ನೂ ಸೇದುತ್ತಿರುವವರಿಗಿಂತ ನಾಲ್ಕು ಪಟ್ಟು ಹೆಚ್ಚು. ಕೆಟ್ಟ ಕೋಶದ ಹಳೆಯ ತಪ್ಪುಗಳು ಅಳಿಸಿಹೋಗಿರಲಿಲ್ಲ. ಹೇಗೋ ಪಾರಾಗಿ ಉಳಿದ ಕೋಶಗಳು ಬಿಟ್ಟ ಮೇಲೆ ಹೆಚ್ಚಿ ಜಾಗ ತುಂಬಿದಂತೆ ಕಾಣುತ್ತದೆ. ಆ ಗುಂಪಿನಲ್ಲಿ ದಶಕಗಟ್ಟಲೆ ಸೇದಿದವರೂ ಇದ್ದರು.

ಒಂಟಿಯಾಗಿ ಬಿಡುವುದು ಕಷ್ಟ. ರಾಷ್ಟ್ರೀಯ ಸಹಾಯವಾಣಿ 1800-112-356ಕ್ಕೆ ಕರೆ ಉಚಿತ. ಫೋನು ಹಚ್ಚಿ ಅವರ ಕೈಗೆ ನೀವೇ ಕೊಡಿ.