ಡ್ರೂಯಿಡರ ವಿದ್ಯೆ ಏಕೆ ಉಳಿಯಲಿಲ್ಲ?

ಕಳೆದ ಸಂಚಿಕೆಯಲ್ಲಿ ಯುರೋಪಿನ ಹಳೆಯ ಧರ್ಮಗಳ ಬಗ್ಗೆ ಬಂದ ಲೇಖನ ಓದಿ ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: “ಡ್ರೂಯಿಡರು (ಪ್ರಾಚೀನ ಫ್ರಾನ್ಸ್, ಬ್ರಿಟನ್ನಿನ ಪುರೋಹಿತ-ಪಂಡಿತರು) ಏನನ್ನೂ ಬರೆದಿಡದ ಕಾರಣ ಅಳಿದುಹೋದರು ಎಂದು ಎಲ್ಲ ಕಡೆ ಓದುತ್ತೇನೆ. ನಮ್ಮ ವೇದವೂ ಬಾಯಿಪಾಠದಲ್ಲೇ ಉಳಿದು ಬಂತಲ್ವಾ? ಹಾಗಾದರೆ ಅವರದ್ದೇಕೆ ಉಳಿಯಲಿಲ್ಲ? ಈಗ ಬಿಳಿ ನಿಲುವಂಗಿ ತೊಟ್ಟು ಕಲ್ಲುಗಳ ನಡುವೆ ಸೇರುವವರು ಅವರ ವಂಶದವರೇ?”

ಪ್ರಿಯ ಓದುಗರೇ,

ನಿಮ್ಮ ಅನುಮಾನ ಸರಿಯಾಗಿದೆ. ಬರೆಯದೇ ಇದ್ದದ್ದರಿಂದಲೇ ಅವರು ಅಳಿದರು ಎಂಬ ಮಾತನ್ನು ನಾನೂ ಒಪ್ಪುವುದಿಲ್ಲ.

ಮೊದಲು ಅವರ ಏಳಿಗೆಯ ಕಾಲ ನೋಡೋಣ. ಕ್ರಿ.ಪೂ. 58ರಿಂದ ಗಾಲ್‌ನಲ್ಲಿ, ಅಂದರೆ ಈಗಿನ ಫ್ರಾನ್ಸ್‌ನಲ್ಲಿ, ಯುದ್ಧ ಮಾಡುತ್ತಿದ್ದ ರೋಮಿನ ಸೇನಾಪತಿ ಜೂಲಿಯಸ್ ಸೀಸರ್ ಅವರ ಬಗ್ಗೆ ಸಾಕಷ್ಟು ಬರೆದಿದ್ದಾನೆ. ಅವರಿಗೆ ತೆರಿಗೆ ಇಲ್ಲ, ಯುದ್ಧಕ್ಕೆ ಹೋಗಬೇಕಿಲ್ಲ. ಬಲಿ, ಪೂಜೆ ಅವರದ್ದೇ. ಗಡಿ ಜಗಳ, ಆಸ್ತಿ ವ್ಯಾಜ್ಯ, ಕೊಲೆ ಪ್ರಕರಣ ಎಲ್ಲಕ್ಕೂ ತೀರ್ಪು ಅವರದ್ದು. ತೀರ್ಪು ಒಪ್ಪದವನನ್ನು ಬಲಿಪೂಜೆಯಿಂದ ಹೊರಗಿಡುತ್ತಿದ್ದರು. ಜನ ಅವನ ಹತ್ತಿರ ಸುಳಿಯುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಇಷ್ಟು ಗೌರವದ ಕೆಲಸ ಅಂದಮೇಲೆ ಹುಡುಗರು ತಾವಾಗಿಯೇ ಬರುತ್ತಿದ್ದರು. ಎಷ್ಟೋ ಮಂದಿಯನ್ನು ಹೆತ್ತವರೇ ಕಳಿಸುತ್ತಿದ್ದರು. ಕೆಲವರು 20 ವರ್ಷ ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರಂತೆ. ಅವರಿಗೆ ಬರವಣಿಗೆ ಗೊತ್ತಿತ್ತು. ಲೆಕ್ಕಪತ್ರಕ್ಕೆ ಗ್ರೀಕ್ ಅಕ್ಷರ ಬಳಸುತ್ತಿದ್ದರು. ವಿದ್ಯೆಯನ್ನು ಮಾತ್ರ ಬೇಕೆಂದೇ ಬರೆಯುತ್ತಿರಲಿಲ್ಲ.

ಇನ್ನು ವೇದದ ಮಾತು. ಬಾಯಿಪಾಠ ಸುಮ್ನೆ ಉಳಿಯುವುದಿಲ್ಲ. ಕಲಿಯುವವನಿಗೆ ಊಟ ಬೇಕು, ಕಲಿತವನಿಗೆ ಕೆಲಸ ಬೇಕು. ನಮ್ಮ ನಾಡಿನ ಶಾಸನಗಳಲ್ಲೇ ನೋಡಿ, ಅಗ್ರಹಾರಕ್ಕೆ ಭೂಮಿ ಬಿಟ್ಟ ಸಂಗತಿ ಎಷ್ಟು ಕಡೆ ಬರುತ್ತದೆ! ಒಬ್ಬ ರಾಜ ಹೋದರೆ ಇನ್ನೊಬ್ಬ ರಾಜ ದತ್ತಿ ಕೊಡುತ್ತಿದ್ದ. ಡ್ರೂಯಿಡರಿಗೆ ಆ ಇನ್ನೊಬ್ಬ ರಾಜ ಸಿಗಲಿಲ್ಲ. ಗಾಲ್ ಪೂರ್ತಿ ರೋಮಿನ ಕೈಗೆ ಹೋಯಿತು.

ಗಾಲ್‌ನ ಈಡ್ಯೂಯಿ ಎಂಬ ಬುಡಕಟ್ಟಿನ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹೆಸರು ಗೊತ್ತಿರುವ ಡ್ರೂಯಿಡರು ಬಹಳ ಕಡಿಮೆ. ಅವರಲ್ಲೊಬ್ಬ ಡಿವಿಸಿಯಾಕಸ್, ಈ ಬುಡಕಟ್ಟಿನ ಮುಖಂಡ. ರೋಮಿಗೆ ಹೋಗಿ ಸೆನೆಟ್‌ನ ನೆರವು ಕೇಳಿದವನು. ಪ್ರಕೃತಿಯ ಬಗ್ಗೆ ಅವನಿಗಿದ್ದ ತಿಳಿವಳಿಕೆಯನ್ನು ರೋಮನ್ ಲೇಖಕ ಸಿಸೆರೊ ನೆನೆದಿದ್ದಾನೆ. ಮುಂದೆ ಇದೇ ಈಡ್ಯೂಯಿಗಳ ನೆಲದಲ್ಲಿ ರೋಮನ್ ಚಕ್ರವರ್ತಿ ಅಗಸ್ಟಸ್ ಹೊಸ ಪಟ್ಟಣ ಕಟ್ಟಿಸಿದ. ಈಗ ಅದರ ಹೆಸರು ಓಟನ್. ಕ್ರಿ.ಶ. 21ರ ಹೊತ್ತಿಗೆ ಗಾಲ್‌ನ ದೊಡ್ಡ ಮನೆತನಗಳ ಮಕ್ಕಳೆಲ್ಲ ಅಲ್ಲಿ ರೋಮನ್ ವಿದ್ಯೆ ಕಲಿಯುತ್ತಿದ್ದರು ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಡಿವಿಸಿಯಾಕಸ್ ರೋಮಿಗೆ ಹೋಗಿ ನೂರು ವರ್ಷವೂ ಆಗಿರಲಿಲ್ಲ. ನನ್ನ ಮಟ್ಟಿಗೆ ಡ್ರೂಯಿಡರ ಅವನತಿ ನಿಜವಾಗಿ ನಡೆದದ್ದು ಈ ಶಾಲೆಯಲ್ಲಿ. ನ್ಯಾಯ ಹೇಳುವ ಅಧಿಕಾರ ರೋಮನ್ ಅಧಿಕಾರಿಗಳಿಗೆ ಹೋಗಿತ್ತು. ಮಗ ಮುಂದೆ ಬರಬೇಕು ಅಂದರೆ ಲ್ಯಾಟಿನ್ ಬೇಕಿತ್ತು. 20 ವರ್ಷ ಪದ್ಯ ಕಲಿಯಲು ಯಾರು ಕಳಿಸುತ್ತಾರೆ?

ಕಾನೂನಿನ ಏಟೂ ಬಿತ್ತು. ರೋಮನ್ ಪ್ರಜೆಗಳು ಈ ಧರ್ಮಕ್ಕೆ ಸೇರಬಾರದು ಎಂದು ಅಗಸ್ಟಸ್, ಪೂರ್ತಿ ನಿಷೇಧ ಎಂದು ಆಮೇಲಿನ ಚಕ್ರವರ್ತಿ ಕ್ಲಾಡಿಯಸ್ ಆಜ್ಞೆ ಮಾಡಿದರು. ಗುಹೆಗಳಲ್ಲಿ, ಕಾಡಿನ ಮರೆಯಲ್ಲಿ ಗುಟ್ಟಾಗಿ ಪಾಠ ನಡೆಯುತ್ತಿತ್ತು ಎಂದು ಅದೇ ಕಾಲದ ರೋಮನ್ ಲೇಖಕ ಪೊಂಪೋನಿಯಸ್ ಮೇಲಾ ಹೇಳುತ್ತಾನೆ. ಓದುವಾಗ ಸಂಕಟವಾಗುತ್ತದೆ. ಕ್ರಿ.ಶ. 60ರ ಸುಮಾರಿಗೆ ರೋಮನ್ ಸೇನೆ ವೇಲ್ಸ್‌ನ ಆಂಗ್ಲ್‌ಸೀ ದ್ವೀಪಕ್ಕೆ ನುಗ್ಗಿತು. ದಡದಲ್ಲಿ ಕಪ್ಪು ಬಟ್ಟೆಯ ಹೆಂಗಸರು ಪಂಜು ಹಿಡಿದು ಓಡಾಡುತ್ತಿದ್ದರು, ಡ್ರೂಯಿಡರು ಕೈ ಮೇಲೆತ್ತಿ ಶಾಪ ಹಾಕುತ್ತಿದ್ದರು. ಸೈನಿಕರು ಒಂದು ಕ್ಷಣ ಬೆದರಿ ನಿಂತರೂ ಕೊನೆಗೆ ಎದುರಾದವರನ್ನೆಲ್ಲ ಕೊಂದು, ದೇವರ ಬನಗಳನ್ನು ಕಡಿದುಹಾಕಿದರು.

ಅದೇ ದ್ವೀಪದಲ್ಲಿ 1942–43ರಲ್ಲಿ ವಿಮಾನ ನಿಲ್ದಾಣಕ್ಕಾಗಿ ಜೌಗು ಮಣ್ಣು ತೆಗೆಯುವಾಗ ಒಂದು ಕಬ್ಬಿಣದ ಸರಪಳಿ ಸಿಕ್ಕಿತು. ಕೆಲಸಗಾರರು ಅದನ್ನೇ ಕಟ್ಟಿ ಕೆಸರಲ್ಲಿ ಹೂತ ಲಾರಿಗಳನ್ನು ಎಳೆದರು. ಅದು ಸೆರೆಯಾಳುಗಳ ಕೊರಳಿಗೆ ಹಾಕುವ ಸುಮಾರು 2000 ವರ್ಷ ಹಳೆಯ ಸರಪಳಿ ಎಂದು ಆಮೇಲೆ ಗೊತ್ತಾಯಿತು. ಕತ್ತಿ, ಈಟಿ, ರಥದ ಭಾಗಗಳು ಸೇರಿ 150ಕ್ಕೂ ಜಾಸ್ತಿ ವಸ್ತುಗಳು ಅಲ್ಲಿ ಸಿಕ್ಕವು. ಹಿಂದೆ ಕೆರೆಯಾಗಿದ್ದ ಆ ಜಾಗಕ್ಕೆ ಜನ ಅವನ್ನು ಹರಕೆಯಾಗಿ ಹಾಕುತ್ತಿದ್ದರು ಎಂಬುದು ವಿದ್ವಾಂಸರ ಅಭಿಪ್ರಾಯ. ಡ್ರೂಯಿಡರನ್ನು ನಾವು ಬರೀ ಶಾಂತ ಋಷಿಗಳೆಂದು ಕಲ್ಪಿಸಿಕೊಳ್ಳಬಾರದು. ನರಬಲಿಯ ವಿಷಯವನ್ನೂ ಸೀಸರ್ ಬರೆದಿದ್ದಾನೆ. ಅದು ಶತ್ರುವಿನ ಮಾತು ಎಂಬುದು ನಿಜ, ಆದರೆ ಅಷ್ಟಕ್ಕೇ ತಳ್ಳಿಹಾಕುವಂತಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಅಲ್ಲ, ವಂಶದವರಲ್ಲ. ಇಂಗ್ಲೆಂಡಿನ ಪ್ರಾಚೀನ ಕಲ್ಲುವೃತ್ತ ಸ್ಟೋನ್‌ಹೆಂಜ್ ಕೂಡ ಡ್ರೂಯಿಡರ ಹೆಸರು ಕೇಳಿಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಕಟ್ಟಿದ್ದು. ಇಂಥ ನಿಲುವಂಗಿ ತೊಡುವ ವೇಲ್ಸ್‌ನ ಕವಿಕೂಟ ‘ಗೊರ್ಸೆಡ್’ ಅನ್ನು 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಹಿಲ್ ಮೇಲೆ ಶುರುಮಾಡಿದ್ದು ಅಯೋಲೊ ಮೊರ್ಗಾನುಗ್ ಎಂಬ ಕಲ್ಲುಕುಟಿಗ ಕವಿ. ಇದು ಡ್ರೂಯಿಡರ ಕಾಲದಿಂದ ಬಂದ ಪದ್ಧತಿ ಎಂದು ಅವನು ಹೇಳಿದ. ಹಳೆಯ ಹಸ್ತಪ್ರತಿಗಳ ಹೆಸರಲ್ಲಿ ಎಷ್ಟನ್ನೋ ತಾನೇ ಬರೆದಿದ್ದ ಎಂಬುದು 20ನೇ ಶತಮಾನದಲ್ಲಿ ಬಯಲಾಯಿತು. ಅದು ಮೋಸವೇ, ಅದಕ್ಕೆ ಬೇರೆ ಹೆಸರಿಲ್ಲ.

ಆದರೂ ಆ ಕೂಟ ಇವತ್ತಿಗೂ ನಡೆಯುತ್ತಿದೆ, ಅದು ನನಗೆ ಖುಷಿಯ ವಿಷಯ. ಏಕೆಂದರೆ ಅದಕ್ಕೊಂದು ಕೆಲಸವಿದೆ. ಪ್ರತಿ ಆಗಸ್ಟ್‌ನಲ್ಲಿ ರಾಷ್ಟ್ರೀಯ ಐಸ್ಟೆಡ್‌ವಡ್ ಉತ್ಸವದಲ್ಲಿ ಸ್ಪರ್ಧೆಯಲ್ಲಿ ಗೆದ್ದ ವೆಲ್ಷ್ ಭಾಷೆಯ ಕವಿಗೆ ಬಹುಮಾನದ ಪೀಠ ಕೊಡುವವರು ಇವರೇ. ದೊಡ್ಡ ಕತ್ತಿಯನ್ನು ಒರೆಯಿಂದ ಅರ್ಧ ಎಳೆದು, “ಶಾಂತಿ ಇದೆಯೇ?” ಎಂದು ಮೂರು ಸಲ ಕೇಳುತ್ತಾರೆ. ಸೇರಿದ ಜನರೆಲ್ಲ ಮೂರು ಸಲವೂ “ಶಾಂತಿ” ಎಂದು ಕೂಗಿದ ಮೇಲೆಯೇ ಕವಿ ಪೀಠದ ಮೇಲೆ ಕೂರುವುದು.

– ಸಂ.