ತುಪ್ಪದ ಮಿಳ್ಳೆ ನಡುಗಿತು, ಚಿಕಿತ್ಸೆ ವ್ಯರ್ಥವಾಯಿತೇ?

ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯವನು, ವಯಸ್ಸು 31, ಸಹಕಾರಿ ಸಂಘದಲ್ಲಿ ಗುಮಾಸ್ತ. ನಾಲ್ಕು ಜನ ಸೇರಿದರೆ ಕೈ ನಡುಗುತ್ತಿತ್ತು. ಮೂರು ವರ್ಷಗಳ ಹಿಂದೆ ಧಾರವಾಡದಲ್ಲಿ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಪಡೆದು ಸುಧಾರಿಸಿದೆ. ಮೊನ್ನೆ ಅಣ್ಣನ ಮಗನ ಉಪನಯನದಲ್ಲಿ ಬಡಿಸುವಾಗ ಮಿಳ್ಳೆ ನಡುಗಿ ಹಿರಿಯರೊಬ್ಬರ ಶಲ್ಯದ ಮೇಲೆ ತುಪ್ಪ ಚೆಲ್ಲಿತು. ಅಂದಿನಿಂದ ಯಾರ ಮನೆಯಲ್ಲೂ ಊಟಕ್ಕೆ ನಿಲ್ಲುವುದಿಲ್ಲ. ಸಹಿ ಹಾಕುವಾಗ ಎಡಗೈಯಿಂದ ಬಲಗೈ ಒತ್ತಿ ಹಿಡಿಯುತ್ತೇನೆ. ಈಗ ವಾರ್ಷಿಕ ಸಭೆಯಲ್ಲಿ ವರದಿ ಓದಲು ಹೇಳಿದ್ದಾರೆ. ಬೇರೆಯವರಿಗೆ ವಹಿಸಲೇ? ಗೆಳೆಯ ತನ್ನ ಕೈನಡುಕದ ಮಾತ್ರೆ ಕೊಡುತ್ತೇನೆ ಎನ್ನುತ್ತಾನೆ. ಚಿಕಿತ್ಸೆಯ ಗುಣ ಇಷ್ಟೇ ದಿನವೇ?

ಉತ್ತರ: ವರದಿಯನ್ನು ನೀವೇ ಓದಿ.

ಈ ಚಿಕಿತ್ಸೆಗೆ ಔಷಧದ ಬಾಟಲಿಯಂತೆ ವಾಯಿದೆ ಇಲ್ಲ. ಸ್ವೀಡನ್ನಿನಲ್ಲಿ ಸಾಮಾಜಿಕ ಆತಂಕಕ್ಕೆ, ಅಂದರೆ ಜನರೆದುರಿನ ಇಂಥ ಭಯಕ್ಕೆ, ಅಂತರ್ಜಾಲದ ಮೂಲಕ ಸಿಬಿಟಿ ಪಡೆದವರನ್ನು ಐದು ವರ್ಷಗಳ ಬಳಿಕ ಪರೀಕ್ಷಿಸಿದಾಗಲೂ ಸುಧಾರಣೆ ಉಳಿದಿತ್ತು. ಹಾಗೆಂದು ಹಳೆಯ ಭಯ ಅಳಿಸಿಹೋಗುವುದಿಲ್ಲ; ಹೊಸ ಕಲಿಕೆ ಅದರ ಮಗ್ಗುಲಲ್ಲಿ ಕೂರುತ್ತದೆ. ಅಭ್ಯಾಸ ಮಾಡದ ಜಾಗದಲ್ಲಿ ಹಳೆಯದೇ ಮೊದಲು ಏಳುತ್ತದೆ. ಧಾರವಾಡದ ಅಪರಿಚಿತರ ನಡುವೆ ನೀವು ಪಳಗಿರಬಹುದು. ಮಾವ, ಭಾವ, ದೊಡ್ಡಪ್ಪಂದಿರು ಸಾಲಾಗಿ ಕುಳಿತು ನೋಡುವ ಪಂಕ್ತಿಯ ಮಾತೇ ಬೇರೆ. ನಮ್ಮ ಕಡೆ ಬಡಿಸುವವನ ಕೈಯನ್ನು ಎಲೆಗಿಂತ ಹೆಚ್ಚು ನೋಡುವವರೂ ಇದ್ದಾರೆ, ಒಪ್ಪುತ್ತೇನೆ.

ಚೆಲ್ಲಿದ ತುಪ್ಪ ನನಗೆ ದೊಡ್ಡದಾಗಿ ಕಾಣುವುದಿಲ್ಲ. ನಂತರ ಶುರುವಾದ ಎಡಗೈಯ ಹಿಡಿತವೇ ಚಿಂತೆಯ ವಿಷಯ. 1995ರಲ್ಲಿ ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ವಿವರಿಸಿದ್ದು ಇದನ್ನೇ: ಆತಂಕದವರು ತಮ್ಮನ್ನು ಕಾಪಾಡಿಕೊಳ್ಳಲು ಮಾಡುವ ಉಪಾಯಗಳೇ ಆತಂಕವನ್ನು ಸಾಕುತ್ತವೆ. ಬಿಗಿಹಿಡಿದ ಕೈ ಇನ್ನಷ್ಟು ನಡುಗುತ್ತದೆ. ಏನೂ ಕೆಡದಿದ್ದರೆ ಶ್ರೇಯಸ್ಸು ಹಿಡಿತಕ್ಕೆ ಹೋಗುತ್ತದೆ, ನಿಮಗೆ ಧೈರ್ಯ ಉಳಿಯುವುದಿಲ್ಲ. ಗೆಳೆಯನ ಮಾತ್ರೆಯದೂ ಅದೇ ಕಥೆ. ಅದು ಪ್ರೊಪ್ರನಾಲೋಲ್ ಆಗಿದ್ದರೆ ಆಸ್ತಮಾ ಇರುವವರಿಗೆ ಅಪಾಯ ಕೂಡ. ವೈದ್ಯರು ಬರೆದುಕೊಡದೆ ಮುಟ್ಟಬೇಡಿ.

ಸಭೆಗೆ ಮುಂಚೆ ಕಚೇರಿಯ ಇಬ್ಬರೆದುರು ವರದಿ ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಚಿತ್ರೀಕರಿಸಿ. ನೋಡುವ ಮೊದಲೇ ಬರೆದಿಡಿ: ಕೈ ಎಷ್ಟು ನಡುಗಿರುತ್ತದೆ, ಮುಖ ಎಷ್ಟು ಕೆಂಪಾಗಿರುತ್ತದೆ. ಬಳಿಕ ಬೇರೆ ಯಾರನ್ನೋ ನೋಡುವಂತೆ ನೋಡಿ. ಒಳಗೆ ಅನಿಸಿದ್ದಕ್ಕೂ ಹೊರಗೆ ಕಂಡದ್ದಕ್ಕೂ ಬಹುತೇಕರಲ್ಲಿ ತಾಳೆಯೇ ಇರುವುದಿಲ್ಲ. ಸಭೆಯಲ್ಲಿ ಗಮನವನ್ನು ಕೈಯಿಂದ ಕಿತ್ತು ಸದಸ್ಯರ ಮೇಲಿಡಿ. ಯಾರು ತೂಕಡಿಸುತ್ತಿದ್ದಾರೆ, ಯಾರು ಲಾಭಾಂಶದ ಪುಟ ಹುಡುಕುತ್ತಿದ್ದಾರೆ ಎಂದು ನೋಡಿ. ಹಾಳೆ ನಡುಗಿದರೆ ನಡುಗಲಿ, ಮೇಜಿಗೆ ಒತ್ತಬೇಡಿ.

ಧಾರವಾಡದ ಚಿಕಿತ್ಸಕರಿಗೆ ಈ ವಾರವೇ ಫೋನ್ ಮಾಡಿ. ಹೀಗೆ ಮರುಕಳಿಸಿದಾಗ ಹಳೆಯ ಪಾಠ ಮೆಲುಕು ಹಾಕಲು ಒಂದೆರಡು ಭೇಟಿ ಸಾಕಾಗುವುದುಂಟು. ಮೊದಲಿನಿಂದ ಶುರು ಮಾಡಬೇಕಿಲ್ಲ. ಅಷ್ಟರೊಳಗೆ ನಿದ್ದೆ ಕೆಟ್ಟರೆ, ಬದುಕೇ ಬೇಡವೆನಿಸಿದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.